ಭಾನುವಾರ ಒಗೆಯುವ ಅಂಗಿ

ಸುಮತಿ ಚಿಕ್ಕಮ್ಮ ನನಗೆ ಇಂಗ್ಲಿಷ್ ಕಲಿಸುತ್ತಿದ್ದಷ್ಟು ಹೊತ್ತು ಅವಳ ಪಾಲಿನ ಬೀಡಿಯನ್ನು ಅಮ್ಮ ಕಟ್ಟುತ್ತಿದ್ದಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಕಾನೂನು ಬೇರೆ ಇರಲಿಲ್ಲ. ಅಮ್ಮನ ಸೋದರಮಾವ ಒಬ್ಬರು ಹಿಂದೆ ಕಣ್ಣೂರಿನ ಕಡೆ ಬೀಡಿ ಕೆಲಸಕ್ಕೆ ಹೋಗಿದ್ದವರು. ಅಲ್ಲಿ ಗಂಡಸರು ಸಾಲಾಗಿ ಕುಳಿತು ಬೀಡಿ ಕಟ್ಟುವಾಗ ಒಬ್ಬ ಎದ್ದು ಪೇಪರ್ ಓದಿ ಹೇಳುತ್ತಿದ್ದನಂತೆ, ಓದಿದವನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟಿಕೊಡುತ್ತಿದ್ದರಂತೆ. ಆ ಪದ್ಧತಿಯನ್ನು ಅಮ್ಮ ಗಡಿನಾಡಿನ ನೆಕ್ರಾಜೆಯ ನಮ್ಮ ಎರಡು ಕೋಣೆಯ ಮನೆಗೆ ತಂದಳು. ನಾನು ಪುಸ್ತಕ ಬಿಡಿಸಿದ ಕೂಡಲೇ ಚಿಕ್ಕಮ್ಮನ ಗೆರಸೆ ಅಮ್ಮನ ಮಡಿಲಿಗೆ ಹೋಗುತ್ತಿತ್ತು. ಎಲೆ, ತಂಬಾಕಿನ ಪುಡಿ, ನೂಲು, ಕತ್ತರಿ ಎಲ್ಲವೂ ಹೋಗುತ್ತಿತ್ತು. ಚಿಕ್ಕಮ್ಮ ಕೈತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಗೋಡೆಗೆ ಒರಗಿ ಕೂರುತ್ತಿದ್ದಳು. ಅಷ್ಟು ಹೊತ್ತಿಗೆ ಅವಳು ಬೀಡಿ ಕಟ್ಟುವ ಹೆಂಗಸಾಗಿರುತ್ತಿರಲಿಲ್ಲ. ನನಗೂ ಅದು ಗೊತ್ತಾಗುತ್ತಿತ್ತು, ಅವಳಿಗಂತೂ ಚೆನ್ನಾಗಿಯೇ ಗೊತ್ತಾಗುತ್ತಿತ್ತು.

ಚಿಕ್ಕಮ್ಮ ಅಮ್ಮನ ತಂಗಿ. ಹತ್ತನೆಯದರಲ್ಲಿ ಇಡೀ ಶಾಲೆಗೇ ಮೊದಲು ಬಂದವಳು. ಕಾಲೇಜಿನಲ್ಲಿ ಪ್ರಿ-ಡಿಗ್ರಿಗೆ ಸೇರಿ ಒಂದು ವರ್ಷ ಬಸ್ಸು ಹತ್ತಿ ಹೋಗಿ ಬಂದಿದ್ದಳು. ಆಮೇಲೆ ಹೋಗಲಿಲ್ಲ, ಯಾಕೆ ಹೋಗಲಿಲ್ಲ ಎಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನನ್ನ ಅಪ್ಪ ಮುಂಬಯಿಯ ಹೋಟೆಲ್ ಕೆಲಸಕ್ಕೆಂದು ಹೋದವರು ಸುದ್ದಿಯಿಲ್ಲದಂತಾದದ್ದೂ ಆ ವರ್ಷವೇ. ಅಕ್ಕ ಒಬ್ಬಳೇ ಆದಳೆಂದು ತಂಗಿ ಬಂದು ಜೊತೆಗೆ ನಿಂತಳು. ಬಂದವಳ ಪೆಟ್ಟಿಗೆಯಲ್ಲಿ ಎರಡು ಸೀರೆಯೂ ಒಂದು ದಪ್ಪ ಇಂಗ್ಲಿಷ್ ಡಿಕ್ಷನರಿಯೂ ಇದ್ದವು. ಡಿಕ್ಷನರಿಯ ಬೈಂಡಿಗೆ ಬೀಡಿ ಲೇಬಲಿನ ಕಾಗದ ಅಂಟಿಸಿ ಅವಳು ಅದನ್ನು ಜೋಪಾನ ಮಾಡಿದ್ದಳು. ನಾನು ಕೇಳದೆ ಅದನ್ನು ಮುಟ್ಟಿದರೆ ಪೆಟ್ಟು ಬೀಳುತ್ತಿತ್ತು.

ಶಾಲೆಯಲ್ಲಿ ನಾವು ಕನ್ನಡ ಮಾಧ್ಯಮದವರು. ಇಂಗ್ಲಿಷಿಗೆ ಬಂದ ಟೀಚರ್ ತೆಂಕಣ ಮಲಯಾಳದ ಕಡೆಯವರು, ಕನ್ನಡದ ಒಂದು ಅಕ್ಷರ ಬಾರದವರು. ಪಾಪ, ಒಳ್ಳೆಯ ಹೆಂಗಸು. ಇಂಗ್ಲಿಷ್ ಪಾಠವನ್ನು ಮಲಯಾಳದಲ್ಲಿ ವಿವರಿಸಿ, ನಮ್ಮ ಮುಖ ನೋಡಿ, ಅದೇ ಮಲಯಾಳವನ್ನು ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದರು. ಪೇಟೆಯ ಮಲಯಾಳ ನಮಗೆ ಬರುತ್ತಿತ್ತು, ಮೀನಿನ ಕ್ರಯ ಕೇಳುವಷ್ಟು, ಬಸ್ಸಿನಲ್ಲಿ ಜಗಳ ಮಾಡುವಷ್ಟು. ಪದ್ಯದ ಭಾವಾರ್ಥ ಹೇಳುವ ಮಲಯಾಳ ನಮ್ಮ ತಲೆಯ ಮೇಲಿನಿಂದ ಹಾದುಹೋಗುತ್ತಿತ್ತು. ಹಾಗಾಗಿ ಪಾಠ ನಡೆಯುತ್ತಿದ್ದದ್ದು ಶಾಲೆಯಲ್ಲಿ, ನನಗೆ ತಿಳಿಯುತ್ತಿದ್ದದ್ದು ಸಂಜೆ ನಾಲ್ಕೂವರೆಗೆ, ಕಪ್ಪು ಚಹಾ ಮತ್ತು ಒಂದು ತುಂಡು ಬೆಲ್ಲದೊಂದಿಗೆ, ತಂಬಾಕಿನ ಘಾಟು ತುಂಬಿದ ನಮ್ಮ ಜಗಲಿಯಲ್ಲಿ. ಕತೆಯಲ್ಲಿ ಬರುವ ದೊರೆಸಾನಿಗಳೆಲ್ಲ ಚಿಕ್ಕಮ್ಮನ ಬಾಯಲ್ಲಿ ನಮ್ಮೂರಿನ ತುಳು ಮಾತಾಡುತ್ತಿದ್ದರು. ಒಂದು ಪದ್ಯದ ಕೊನೆಯಲ್ಲಿ ಹಕ್ಕಿ ಸತ್ತಾಗ ಅಮ್ಮ ಬೀಡಿ ಕಟ್ಟುವುದನ್ನು ನಿಲ್ಲಿಸಿ ಕೇಳಿದ್ದು ನೆನಪಿದೆ.

"ಪಾಪದ್ದು, ಅದಕ್ಕೆ ಯಾರೂ ನೀರು ಕೊಡ್ಲಿಲ್ವಾ?"

"ಇಲ್ಲ ಅಕ್ಕ. ಕೊಟ್ಟಿದ್ರೆ ಪದ್ಯ ಆಗ್ತಿರ್ಲಿಲ್ಲ," ಎಂದಿದ್ದಳು ಚಿಕ್ಕಮ್ಮ.

ವ್ಯಾಕರಣಕ್ಕೆ ಅವಳದೇ ಒಂದು ಕ್ರಮ ಇತ್ತು. ಪುಸ್ತಕದ ವಾಕ್ಯ ಬೇಡ, ನಿನ್ನ ಮನೆಯದ್ದು ಹೇಳು ಎನ್ನುತ್ತಿದ್ದಳು. ದಿನಾ ನಡೆಯುವುದನ್ನು ಹೇಳು, ನಿನ್ನೆ ನಡೆದದ್ದನ್ನು ಹೇಳು, ನಾಳೆ ನಡೆಯಬೇಕಾದದ್ದನ್ನು ಹೇಳು. ನಾನು ತುಳುವಿನಲ್ಲಿ ಹೇಳಬೇಕು, ಅವಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ತೋರಿಸಬೇಕು, ಆಮೇಲೆ ನಾನೇ ತಿರುಗಿಸಬೇಕು. ಒಮ್ಮೆ ನಾನು ಜಂಬಕ್ಕೆ, ನಮ್ಮ ಮನೆಯಲ್ಲಿ ದಿನಾ ಕೋಳಿ ಪದಾರ್ಥ ಎಂದು ಹೇಳಿದೆ. ಅವಳು ಪೆನ್ಸಿಲ್ ಕೆಳಗಿಟ್ಟಳು.

"ಸುಳ್ಳು ಹೇಳಿದ್ರೆ ಇಂಗ್ಲಿಷ್ ಬರುದಿಲ್ಲ ಮಾರಾಯ್ತಿ. ಅಲ್ಲೇ ತಡವರಿಸ್ತದೆ. ಸತ್ಯ ಹೇಳು, ಅದು ತಾನಾಗಿ ಬರ್ತದೆ."

ಈ ಮಾತನ್ನು ನಾನು ದೇವರ ಮಾತಿನಂತೆ ನಂಬಿದೆ. ಹೇಳಿದವಳು ಯಾರೆಂದು ನೀವು ನೆನಪಿಟ್ಟುಕೊಂಡರೆ ಮುಂದಿನದನ್ನು ಹೇಳುವುದು ನನಗೆ ಸುಲಭ.

ಈಗ ಅಂಗಿಯ ವಿಷಯ. ಅಪ್ಪ ಹೋಗುವಾಗ ಒಂದು ಅಂಗಿ ಬಿಟ್ಟು ಹೋಗಿದ್ದರು, ನೀಲಿ ಗೆರೆಯದ್ದು, ತುಂಬುತೋಳಿನದ್ದು. ಪ್ರತಿ ಭಾನುವಾರ ಅಮ್ಮ ಅದನ್ನು ಒಗೆಯುತ್ತಿದ್ದಳು. ಸಾಬೂನು ಹಾಕಿ, ಕಲ್ಲಿಗೆ ಬಡಿದು, ಕಾಲರನ್ನು ಉಜ್ಜಿ, ದಾರಿಗೆ ಕಾಣುವ ಹಗ್ಗದಲ್ಲಿ ಒಣಹಾಕುತ್ತಿದ್ದಳು. ನಮ್ಮ ಬಟ್ಟೆಗಳು ಹಿತ್ತಿಲಿನಲ್ಲಿ ಒಣಗುತ್ತಿದ್ದವು, ಅದೊಂದೇ ಮುಂದುಗಡೆ. ಸಂಜೆ ತೆಗೆದು ಜಗಲಿಯ ಗೂಟಕ್ಕೆ ತೂಗಿಸಿದರೆ ಇನ್ನೊಂದು ಭಾನುವಾರದವರೆಗೆ ಅಲ್ಲೇ. ಸಣ್ಣವಳಿದ್ದಾಗ ನಾನು, ಅಪ್ಪ ಬಂದಿದ್ದಾರಾ ಎಂದು ಕೇಳಿದ್ದೆ. ಅಮ್ಮ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ ಹೇಳಿದಳು.

"ಎರಡು ಹೆಂಗಸರು, ಒಂದು ಹೆಣ್ಣುಮಗು ಇರುವ ಮನೆ. ದಾರಿಯಲ್ಲಿ ಹೋಗುವವರಿಗೆ ಒಳಗೆ ಒಬ್ಬ ಗಂಡಸು ಇದ್ದಾನೆ ಅಂತ ಕಾಣ್ಲಿ. ನೀನು ಯಾರ ಹತ್ತಿರವೂ ಹೇಳ್ಬಾರ್ದು. ಆಣೆ ಹಾಕು."

ನಾನು ಅವಳ ಅಂಗೈ ಮೇಲೆ ಅಂಗೈ ಇಟ್ಟು ಆಣೆ ಹಾಕಿದೆ. ಮನೆಯ ದೊಡ್ಡ ವಿಷಯವೊಂದನ್ನು ಅಮ್ಮ ನನ್ನ ಕೈಯಲ್ಲಿ ಕೊಟ್ಟಳೆಂದು ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಅಂದಿನಿಂದ ಪ್ರತಿ ಭಾನುವಾರ ಆ ಅಂಗಿಯ ಬಕೆಟನ್ನು ಬಾವಿಕಟ್ಟೆಗೆ ಹೊರುವುದು ನನ್ನ ಕೆಲಸ ಎಂದು ನಾನೇ ತೀರ್ಮಾನಿಸಿದೆ. ಅದೇ ಬಾವಿಕಟ್ಟೆಯಲ್ಲಿ ಅಂಗಿಯ ನಂತರ ನನ್ನ ತಲೆಗೆ ಅಮ್ಮ ಎಣ್ಣೆ ತಿಕ್ಕುತ್ತಿದ್ದಳು. ತಿಕ್ಕುತ್ತಾ ಊರಿನ ಸುದ್ದಿ, ಅವಳ ಸಣ್ಣಪ್ರಾಯದ ಸುದ್ದಿ, ಅಪ್ಪ ಮದುವೆಯ ದಿನ ಚಪ್ಪಲಿ ಕಳಕೊಂಡ ಸುದ್ದಿ ಎಲ್ಲ ಹೇಳುತ್ತಿದ್ದಳು. ನನ್ನ ಬಾಲ್ಯದಲ್ಲಿ ಸುಖ ಎಂಬುದು ಇದ್ದದ್ದು ಆ ಕಟ್ಟೆಯ ಮೇಲೆ.

ನಾನು ಎಂಟನೆಯಲ್ಲಿದ್ದಾಗ ಟೀಚರ್ ಒಂದು ಹೋಂವರ್ಕ್ ಕೊಟ್ಟರು. ನಿಮ್ಮ ಮನೆಯವರಲ್ಲಿ ಒಬ್ಬರ ಅಭ್ಯಾಸದ ಬಗ್ಗೆ ಹತ್ತು ವಾಕ್ಯ ಬರೆಯಿರಿ. ಸಂಜೆ ಚಿಕ್ಕಮ್ಮ ಕೈತೊಳೆದು ಕುಳಿತಳು. ಅಮ್ಮ ಆ ಹೊತ್ತಿಗೆ ಸೌದೆ ತರಲು ಹೋಗಿದ್ದಳು. ನನಗೆ ಅಂಗಿ ಬಿಟ್ಟು ಬೇರೇನೂ ತೋಚಲಿಲ್ಲ. ಚಿಕ್ಕಮ್ಮನಿಗೆ ಗೊತ್ತಿರುವ ವಿಷಯವೇ ತಾನೆ, ಹಾಗಾಗಿ ಆಣೆ ಮುರಿದಂತಾಗುವುದಿಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಹೇಳಿದೆ. ಅಮ್ಮ ಭಾನುವಾರ ಅಪ್ಪನ ಅಂಗಿ ಒಗೆಯುತ್ತಾಳೆ. ಯಾರೂ ಹಾಕದ ಅಂಗಿ ಕೊಳೆಯಾಗುವುದಿಲ್ಲ. ಆದರೂ ಕಾಲರನ್ನು ಜಾಸ್ತಿ ಉಜ್ಜುತ್ತಾಳೆ. ಒಗೆದು ಒಗೆದು ಅಪ್ಪನಿಗಿಂತ ಮೊದಲು ಅಂಗಿಗೆ ಪ್ರಾಯ ಆಯಿತು. ಹೀಗೆ ಏನೇನೋ ಹೇಳುತ್ತಾ ಹೋದೆ. ಚಿಕ್ಕಮ್ಮ ತಲೆ ಎತ್ತದೆ ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತಾ ಹೋದಳು. ಮುಗಿದ ಮೇಲೆ ಒಮ್ಮೆ ಓದಿದಳು. ಮತ್ತೆ ತುಟಿ ಅಲ್ಲಾಡಿಸುತ್ತಾ ಇನ್ನೊಮ್ಮೆ ಓದಿದಳು. ಅವಳ ಮುಖವನ್ನು ನಾನು ಹಾಗೆ ನೋಡಿದ್ದೇ ಇಲ್ಲ.

"ಒಳ್ಳೆದುಂಟಾ ಚಿಕ್ಕಮ್ಮ?"

"ಒಳ್ಳೆದುಂಟು. ಆದ್ರೆ ಇದು ಶಾಲೆಗೆ ಹೋಗುವ ವಿಷಯ ಅಲ್ಲ. ಅಕ್ಕನ ಮರ್ಯಾದೆ ಎಂತ ಆಗ್ತದೆ? ನೀನು ಕೋಳಿಯ ಬಗ್ಗೆ ಬರಿ."

"ಕೋಳಿ ಮನೆಯವರಲ್ವಲ್ಲ?"

"ನಿನ್ನ ಟೀಚರಿಗೆ ಅಷ್ಟೆಲ್ಲ ಬೇಡ. ಬರಿ."

ನಾನು ಕೋಳಿಯ ಬಗ್ಗೆ ಹತ್ತು ವಾಕ್ಯ ಬರೆದೆ. ಕೋಳಿ ಮೊಟ್ಟೆ ಇಡುತ್ತದೆ, ಕೋಳಿ ಕಾಳು ತಿನ್ನುತ್ತದೆ. ಹತ್ತಕ್ಕೆ ಆರು ಸಿಕ್ಕಿತು. ಅಂಗಿಯ ಹಾಳೆಯನ್ನು ಚಿಕ್ಕಮ್ಮ ಮಡಚಿ ಡಿಕ್ಷನರಿಯೊಳಗೆ ಇಟ್ಟದ್ದನ್ನು ನೋಡಿದ್ದೆ. ಒಲೆಗೆ ಹಾಕಲಿಲ್ಲವಲ್ಲ ಎಂದು ನನಗೆ ಸಂತೋಷವೇ ಆಗಿತ್ತು.

ಬೀಡಿಯನ್ನು ನಾವು ಕೊಡುತ್ತಿದ್ದದ್ದು ರಾಮಣ್ಣನ ಬ್ರಾಂಚಿಗೆ. ರಾಮಣ್ಣ ಬೀಡಿಯ ಕಂಟ್ರಾಕ್ಟರ್. ಎಲೆ, ತಂಬಾಕು ಕೊಡುವವರೂ ಅವರೇ, ಕಟ್ಟಿದ ಬೀಡಿಯನ್ನು ಹಿಂದಕ್ಕೆ ತೆಗೆದುಕೊಳ್ಳುವವರೂ ಅವರೇ. ಬೀಡಿಯ ಕಟ್ಟನ್ನು ಬೆರಳಿನಲ್ಲಿ ಹಿಚುಕಿ ನೋಡಿ ಮೆತ್ತಗಿದ್ದರೆ ಮುರಿದು ಬದಿಗೆ ಎಸೆಯುತ್ತಿದ್ದರು. ಮುರಿದದ್ದಕ್ಕೆ ಮಜೂರಿ ಇಲ್ಲ, ಮಾತೂ ಇಲ್ಲ. ಹರಕು ಎಲೆ ಕೊಟ್ಟು ಪೂರ್ತಿ ಬೀಡಿ ಕೇಳುವುದೂ ಉಂಟು. ಆ ವರ್ಷದ ಮಳೆ ಮುಗಿಯುವ ಹೊತ್ತಿಗೆ ನಮ್ಮ ಬೀಡಿ ಮುರಿಯುವುದು ನಿಂತಿತು, ಎಲೆಯೂ ಒಳ್ಳೆಯದು ಬರತೊಡಗಿತು. ಶನಿವಾರ ಮಧ್ಯಾಹ್ನ ಎಲೆ ತರಲು ಹೋದ ಚಿಕ್ಕಮ್ಮ ಸಂಜೆಯವರೆಗೆ ಬರುತ್ತಿರಲಿಲ್ಲ. ಕ್ಯೂ ಇತ್ತು ಎನ್ನುತ್ತಿದ್ದಳು. ನಾನು ನಂಬಿದೆ. ಅಮ್ಮ ನಂಬಿದಳೋ ಇಲ್ಲವೋ, ಆಗ ನನಗೆ ತಿಳಿಯುವ ಹಾಗಿರಲಿಲ್ಲ.

ರಾಮಣ್ಣನ ಮಗಳು ಶೈಲಜ ನನ್ನದೇ ಕ್ಲಾಸು. ಅವಳಿಗೂ ನನಗೂ ಮಾತುಕತೆ ಅಷ್ಟಕ್ಕಷ್ಟೆ. ಮನೆಯಲ್ಲಿ ಬರೆದು ಕಳಿಸುವ, ಶಾಲೆಗಳ ನಡುವಿನ ಇಂಗ್ಲಿಷ್ ಪ್ರಬಂಧ ಸ್ಪರ್ಧೆಯಲ್ಲಿ ಅವಳಿಗೆ ಪ್ರೈಜು ಬಂತೆಂದು ಅಸೆಂಬ್ಲಿಯಲ್ಲಿ ಹೇಳಿದಾಗ ನಮಗೆಲ್ಲ ಆಶ್ಚರ್ಯ. ಹೆಸರಿನ ಮುಂದೆ ಇನಿಶಿಯಲ್ ಬರೆಯಲು ತಡವರಿಸುತ್ತಿದ್ದ ಹುಡುಗಿ ಅದು. ಆ ಶನಿವಾರ ಕಟ್ಟುವುದು ಉಳಿದಿದೆ ಎಂದು ಚಿಕ್ಕಮ್ಮ ಮನೆಯಲ್ಲೇ ನಿಂತಳು, ನಾನೂ ಅಮ್ಮನೂ ಬೀಡಿ ಕೊಡಲು ಹೋದೆವು. ಬ್ರಾಂಚಿನ ಜಗಲಿಯಲ್ಲಿ ಹೆಂಗಸರು ತುಂಬಿದ್ದರು. ರಾಮಣ್ಣ ಸಂಭ್ರಮದಲ್ಲಿದ್ದರು. ಎಲ್ಲರಿಗೂ ಪೆಪ್ಪರಮಿಂಟು ಕೊಟ್ಟು, ಮಗಳನ್ನು ಬೆಂಚಿನ ಮೇಲೆ ನಿಲ್ಲಿಸಿದರು.

"ಓದು ಮಗಾ. ಇವರಿಗೆ ಇಂಗ್ಲಿಷ್ ತಿಳಿಯುದಿಲ್ಲ, ಒಂದೊಂದೇ ಸಾಲು ಓದಿ ಅರ್ಥ ಹೇಳು."

ಶೈಲಜ ಓದಿದಳು. ನಮ್ಮ ಹತ್ತಿರ ಒಂದು ಮನೆ ಉಂಟು. ಆ ಮನೆಯ ಹೆಂಗಸು ಪ್ರತಿ ಭಾನುವಾರ ಗಂಡನ ಅಂಗಿ ಒಗೆಯುತ್ತಾಳೆ. ಅದು ನನ್ನ ಸಾಲು. ಯಾರೂ ಹಾಕದ ಅಂಗಿ ಕೊಳೆಯಾಗುವುದಿಲ್ಲ ಎಂದಾಗ ಕೈಯಲ್ಲಿದ್ದ ಪೆಪ್ಪರಮಿಂಟು ಅಂಟುಅಂಟಾಗಿತ್ತು. ನನ್ನ ಸಾಲುಗಳು ಒಂದಾದ ಮೇಲೊಂದು, ಬೇರೊಬ್ಬಳ ಬಾಯಿಂದ, ಮೊದಲು ಇಂಗ್ಲಿಷಿನಲ್ಲಿ, ಮತ್ತೆ ತುಳುವಿನಲ್ಲಿ ಬಂದವು. ಕೊನೆಗೆ ನಾನು ಹೇಳದ ಒಂದು ಸಾಲೂ ಬಂತು. ಮಧ್ಯಾಹ್ನದ ಹೊತ್ತು ಗುರುತಿಲ್ಲದವರು ಯಾರಾದರೂ ಅಂಗಳಕ್ಕೆ ಬಂದರೆ ಆ ಹೆಂಗಸು ಖಾಲಿ ಕೋಣೆಯ ಕಡೆ ತಿರುಗಿ ಕೂಗುತ್ತಾಳೆ, ಓಯ್, ಯಾರೋ ಬಂದಿದ್ದಾರೆ ನೋಡಿ, ಎಂದು. ಇದು ನನಗೆ ಗೊತ್ತೇ ಇರಲಿಲ್ಲ. ಮಧ್ಯಾಹ್ನ ನಾನು ಶಾಲೆಯಲ್ಲಿರುತ್ತಿದ್ದೆ. ನನ್ನ ಅಮ್ಮ ಇಲ್ಲದ ಗಂಡನನ್ನು ಕೂಗುವ ಸಂಗತಿಯನ್ನು ನಾನು ತಿಳಿದದ್ದು ಬೀಡಿ ಬ್ರಾಂಚಿನಲ್ಲಿ, ಬೆಂಚಿನ ಮೇಲೆ ನಿಂತ ಶೈಲಜಳಿಂದ.

ರಾಮಣ್ಣ ಚಪ್ಪಾಳೆ ತಟ್ಟಿದರು.

"ಹೇಗುಂಟು ನನ್ನ ಮಗಳ ತಲೆ! ಎಲ್ಲಿಂದ ತಂದ್ಲೋ! ಅಂಥ ಹೆಂಗಸು ಎಲ್ಲಾದ್ರೂ ಉಂಟಾ?"

ಹೆಂಗಸರು ಯಾರೂ ನಗಲಿಲ್ಲ. ನಮ್ಮ ದಾರಿಯಲ್ಲೇ ದಿನಾ ನಡೆಯುವವರು ಅವರು. ಒಬ್ಬಳು ಅಮ್ಮನ ಮುಖ ನೋಡಿ ಬೇಗನೆ ನೆಲ ನೋಡಿದಳು. ಆ ನೆಲ ನೋಡಿದ್ದು ಅಮ್ಮನಿಗೆ ನಗುವುದಕ್ಕಿಂತ ಹೆಚ್ಚು ತಾಗಿರಬೇಕು. ಅವಳು ಸರದಿ ಬರುವವರೆಗೆ ನಿಂತು ಗೆರಸೆ ಮುಂದಿಟ್ಟಳು. ರಾಮಣ್ಣ ಒಂದು ಕಟ್ಟನ್ನೂ ಹಿಚುಕಿ ನೋಡದೆ ತೆಗೆದುಕೊಂಡರು.

ನಾವು ಮನೆ ಮುಟ್ಟುವಾಗ ಚಿಕ್ಕಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಅಮ್ಮ ಖಾಲಿ ಗೆರಸೆ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಶೈಲಜನಿಗೆ ಹೇಳಿದ್ದು ಯಾರು?"

"ನಾನಲ್ಲ ಅಮ್ಮ."

"ಆಣೆ ಹಾಕಿದ್ದಿ ನೀನು."

"ನಾನು ಅವಳ ಹತ್ತಿರ ಮಾತೇ ಆಡುದಿಲ್ಲ."

ನಾನು ಚಿಕ್ಕಮ್ಮನನ್ನು ನೋಡಿದೆ. ಈಗ ಹೇಳುತ್ತಾಳೆ, ಇನ್ನೊಂದು ಬೀಡಿಗೆ ನೂಲು ಸುತ್ತಿ ಆದ ಕೂಡಲೇ ಹೇಳುತ್ತಾಳೆ ಎಂದು ಕಾದೆ. ಅವಳು ನೂಲು ಸುತ್ತಿದಳು, ಕತ್ತರಿಸಿದಳು, ಬೀಡಿಯ ತಲೆಯನ್ನು ಉಗುರಿನಿಂದ ಮಡಚಿದಳು. ಮತ್ತೆ ಬಹಳ ಮೃದುವಾದ ಸ್ವರದಲ್ಲಿ ಹೇಳಿದಳು.

"ಮಕ್ಕಳಲ್ವಾ ಅಕ್ಕ. ಎಲ್ಲೋ ಬಾಯಿ ತಪ್ಪಿ ಬಂದಿರ್ಬೇಕು. ಬಿಡು, ಹೊಡಿಬೇಡ."

ಹೊಡಿಬೇಡ ಎಂದಳು! ನನ್ನ ಪರವಾಗಿ ಮಾತಾಡಿದ ಹಾಗೆ ಮಾಡಿ ನನ್ನನ್ನು ಮುಗಿಸಿದಳು. ಹೇಳಿದ್ದು ಅವಳಿಗೆ, ಅವಳಿಗೆ ಮಾತ್ರ ಎಂದು ನಾನು ಕೂಗಬಹುದಿತ್ತು. ಆದರೆ ಹೇಳಿದ್ದಂತೂ ಹೌದಲ್ಲ, ಆಣೆ ಮುರಿದದ್ದು ಹೌದಲ್ಲ ಎಂದು ಮನಸ್ಸು ಒಳಗಿನಿಂದ ನನ್ನನ್ನೇ ಹಿಡಿದುಕೊಂಡಿತು. ಹದಿಮೂರು ವರ್ಷದ ಹುಡುಗಿಗೆ ಇದಕ್ಕಿಂತ ಹೆಚ್ಚು ವಾದ ಮಾಡಲು ಬರುವುದಿಲ್ಲ.

ಅಮ್ಮ ಹೊಡೆಯಲಿಲ್ಲ. ಗೂಟದಿಂದ ಅಂಗಿ ತೆಗೆದು, ಬೀಡಿ ಎಲೆಯ ಕತ್ತರಿಯಿಂದ ಅದರ ತೋಳು ಬಿಚ್ಚಿದಳು, ಗುಂಡಿ ಬಿಚ್ಚಿ ಡಬ್ಬಿಗೆ ಹಾಕಿದಳು, ಬೆನ್ನಿನ ಭಾಗವನ್ನು ಚೌಕ ಮಾಡಿ ನೀರಿಗೆ ಅದ್ದಿದಳು. ಬೀಡಿ ಎಲೆಯನ್ನು ಮೆದುವಾಗಲು ಒದ್ದೆಬಟ್ಟೆಯಲ್ಲಿ ಸುತ್ತಿಡಬೇಕು. ಅಂದಿನಿಂದ ನಮ್ಮ ಎಲೆಗೆ ಸುತ್ತುವ ಬಟ್ಟೆ ಅದೇ ಆಯಿತು. ಎಲೆ ಬಿಚ್ಚುವಾಗಲೆಲ್ಲ ನೀಲಿ ಗೆರೆ ಕಾಣುತ್ತಿತ್ತು. ಮರುದಿನ ಭಾನುವಾರ ನಾನು ಬಾವಿಕಟ್ಟೆಯಲ್ಲಿ ಕಾದು ಕುಳಿತೆ. ಅಮ್ಮ ಎಣ್ಣೆಯ ಗಿಂಡಿಯನ್ನು ತಂದು ನನ್ನ ಹತ್ತಿರ ಇಟ್ಟಳು.

"ನೀನೇ ಹಚ್ಚಿಕೋ. ದೊಡ್ಡವಳಾದಿ."

ಆ ಮೇಲೆ ಅಮ್ಮ ನನಗೆ ಊಟ ಬಡಿಸಿದಳು, ಜ್ವರ ಬಂದಾಗ ಕಷಾಯ ಕೊಟ್ಟಳು, ಫೀಸು ಕಟ್ಟಿದಳು, ಎಲ್ಲವನ್ನೂ ಮಾಡಿದಳು. ಮನೆಯ ಮಾತು ಮಾತ್ರ ನನ್ನೆದುರು ಆಡಲಿಲ್ಲ. ನಾನು ಒಳಗೆ ಬಂದರೆ ಇಬ್ಬರು ಅಕ್ಕತಂಗಿಯರ ಮಾತು ಬೇರೆ ಕಡೆ ತಿರುಗುತ್ತಿತ್ತು. ಅಪ್ಪ ಮುಂಬಯಿಯಲ್ಲಿ ಇನ್ನೊಂದು ಸಂಸಾರ ಮಾಡಿದ್ದಾರೆಂಬುದು ಅವರಿಬ್ಬರಿಗೂ ಗೊತ್ತಾದ ಎರಡು ವರ್ಷದ ಮೇಲೆ ನನಗೆ ಗೊತ್ತಾಯಿತು, ಅದೂ ಬಸ್ಸಿನಲ್ಲಿ, ಹಿಂದಿನ ಸೀಟಿನವರ ಬಾಯಿಂದ.

ನಾನು ಚಿಕ್ಕಮ್ಮನ ಹತ್ತಿರ ಪುಸ್ತಕ ಒಯ್ಯುವುದನ್ನು ಬಿಟ್ಟೆ. ಅವಳ ಬೀಡಿಯನ್ನು ಅವಳೇ ಕಟ್ಟಬೇಕಾಯಿತು. ಒಮ್ಮೆ ಅವಳು ನೀರು ಸೇದುವಾಗ ಹಗ್ಗ ಹಿಡಿದು ನಿಲ್ಲಿಸಿ ಕೇಳಿದೆ, ಯಾಕೆ ಕೊಟ್ಟಿ ಎಂದು. ಅವಳು ಸುಳ್ಳು ಹೇಳಲಿಲ್ಲ, ಅಷ್ಟನ್ನು ಒಪ್ಪಬೇಕು.

"ಮಗಳಿಗೆ ಒಳ್ಳೆದೊಂದು ಬರ್ಕೊಡು ಅಂತ ರಾಮಣ್ಣ ಕೇಳಿದ್ರು. ಇಲ್ಲ ಅಂದ್ರೆ ನಮ್ಮ ಬೀಡಿ ಮುರೀತಿದ್ರು. ನನ್ನ ಹತ್ತಿರ ಇದ್ದ ಒಳ್ಳೆದು ಅದೊಂದೇ."

"ಅದು ನಿನ್ನದಲ್ಲ."

"ಇಂಗ್ಲಿಷ್ ನನ್ನದಲ್ವಾ?"

ಎಂದವಳ ಕಣ್ಣು ತುಂಬಿತ್ತು. ಕಾಲೇಜು ಬಿಟ್ಟ ಮೇಲೆ ಅವಳ ಇಂಗ್ಲಿಷಿಗೆ ಸಿಕ್ಕಿದ ಒಂದೇ ಒಂದು ಬಹುಮಾನ ಅದು, ಅದೂ ಇನ್ನೊಬ್ಬಳ ಹೆಸರಿನಲ್ಲಿ. ಈಗ ನನಗೆ ಅದು ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಸಿಟ್ಟು ಹೋಗಬೇಕೆಂದು ಎಲ್ಲಿದೆ? ಅಮ್ಮನಿಗೆ ಸತ್ಯ ಹೇಳು ಎಂದೆ. ಹೇಳುತ್ತೇನೆ ಎಂದಳು. ಹೇಳಲಿಲ್ಲ. ಎರಡು ವರ್ಷದ ನಂತರ ಪುತ್ತೂರಿನ ಕಡೆಗೆ ಮದುವೆಯಾಗಿ ಹೋದಳು. ಹೋಗುವಾಗ ಡಿಕ್ಷನರಿಯನ್ನು ನನ್ನ ಚೀಲದೊಳಗೆ ಇಟ್ಟು ಹೋಗಿದ್ದಳು. ನಾನು ಅದನ್ನು ಬಿಡಿಸಲಿಲ್ಲ. ಹತ್ತನೆಯ ಇಂಗ್ಲಿಷಿನಲ್ಲಿ ಹೇಗೋ ಪಾಸಾದೆ. ಆಮೇಲೆ ಸಹಕಾರಿ ಸಂಘದಲ್ಲಿ ಕೆಲಸ ಸಿಕ್ಕಿ, ಇಷ್ಟು ವರ್ಷಗಳಲ್ಲಿ ಫಾರಂ ತುಂಬಿಸುವುದು ಬಿಟ್ಟರೆ ಒಂದು ಸಾಲು ಇಂಗ್ಲಿಷ್ ಬರೆದವಳಲ್ಲ.

ಕಳೆದ ವರ್ಷ ಚಿಕ್ಕಮ್ಮ ತೀರಿಕೊಂಡಳು. ಹದಿಮೂರನೆಯ ದಿನದ ಉತ್ತರಕ್ರಿಯೆಯ ಬೊಜ್ಜ ಮುಗಿಸಿ ಅಮ್ಮನೂ ನಾನೂ ಮನೆಗೆ ಬಂದು, ಮಿಂದು, ಮೈಲಿಗೆಯ ಬಟ್ಟೆಗಳನ್ನೆಲ್ಲ ಒಗೆದು ಹಗ್ಗಕ್ಕೆ ಹಾಕಿ, ಸಂಜೆ ಚಹಾ ಕುಡಿಯುತ್ತಾ ಜಗಲಿಯಲ್ಲಿ ಕುಳಿತಿದ್ದೆವು. ಅಮ್ಮನಿಗೆ ಈಗ ಕೈಬೆರಳು ಸರಿಯಾಗಿ ಮಡಚುವುದಿಲ್ಲ, ಬೀಡಿ ಬಿಟ್ಟು ಎಷ್ಟೋ ಕಾಲವಾಯಿತು. ಇನ್ನು ಯಾರ ಸಂಸಾರವೂ ಹಾಳಾಗುವುದಿಲ್ಲ ಎಂದು ನನಗೆ ಧೈರ್ಯ ಬಂತು. ಇಷ್ಟು ವರ್ಷ ಮನಸ್ಸಿನಲ್ಲೇ ಹೇಳಿ ಹೇಳಿ ಸವೆದ ವಾಕ್ಯ ಅದು.

"ಅಮ್ಮ, ಅಂಗಿಯ ವಿಷಯ ಶೈಲಜನಿಗೆ ಹೇಳಿದ್ದು ನಾನಲ್ಲ."

ಅಮ್ಮ ಚಹಾದ ಲೋಟವನ್ನು ಕೆಳಗಿಟ್ಟಳು.

"ಗೊತ್ತುಂಟು."

"ಯಾವಾಗ ಗೊತ್ತಾಯ್ತು? ಚಿಕ್ಕಮ್ಮ ಹೇಳಿದ್ಲಾ?"

"ಅವಳು ಯಾಕೆ ಹೇಳ್ತಾಳೆ. ಬ್ರಾಂಚಿನಲ್ಲೇ ಗೊತ್ತಾಯ್ತು. ಒಳಗೆ ನೋಡಿ ಕೂಗುವ ವಿಷಯ ಆ ಹುಡುಗಿ ಓದಿದ್ಲಲ್ಲ? ಅದು ನಿನಗೆ ಗೊತ್ತೇ ಇರ್ಲಿಲ್ಲ. ನೀನು ಶಾಲೆಯಲ್ಲಿ. ಮನೆಯಲ್ಲಿ ಇದ್ದದ್ದು ಅವಳು ಮಾತ್ರ."

ನಾನು ಲೆಕ್ಕ ಹಾಕಿದೆ. ಬ್ರಾಂಚಿನಿಂದ ಮನೆಗೆ ಅರ್ಧ ಗಂಟೆಯ ದಾರಿ. ಗೊತ್ತಿದ್ದೇ ನಡೆದು ಬಂದಿದ್ದಳು. ಗೊತ್ತಿದ್ದೇ ನನ್ನ ಕಡೆ ತಿರುಗಿದ್ದಳು.

"ಮತ್ತೆ ನನ್ನನ್ನು ಯಾಕೆ ಕೇಳಿದ್ದು?"

"ಅವಳನ್ನು ಕೇಳಿದ್ರೆ ಅವಳು ಸಿಟ್ಟುಮಾಡಿ ಹೊರಟುಹೋಗ್ತಿದ್ಲು. ಅವಳ ಎರಡು ಕೈ ಇಲ್ದೆ ನಾವು ಹೇಗೆ ಉಣ್ಣುದು? ರಾಮಣ್ಣನೂ ಅವಳಿಂದಾಗಿ ಸುಮ್ಮನಿದ್ದದ್ದು. ಯಾರಿಗಾದ್ರೂ ಒಬ್ಬರಿಗೆ ಹೇಳ್ಬೇಕಲ್ಲ. ಅಷ್ಟು ಮಾತು ನುಂಗಿಕೊಳ್ಳಲಿಕ್ಕೆ ನನಗೆ ಆಗ್ಲಿಲ್ಲ."

"ಎಣ್ಣೆ ಹಚ್ಚುದನ್ನೂ ಬಿಟ್ಟಿ."

"ನಿನಗೆ ಹಚ್ತಾ ಕೂತ್ರೆ ಬಾಯಿ ಸುಮ್ಮನಿರ್ತದಾ? ಎಲ್ಲ ಹೇಳಿಬಿಡ್ತಿದ್ದೆ." ಅಮ್ಮ ಲೋಟವನ್ನು ಬದಿಗೆ ಸರಿಸಿ ಮತ್ತೆ ಹೇಳಿದಳು. "ನೀನು ಮಗಳಲ್ವಾ. ನೀನು ಎಲ್ಲಿಗೆ ಹೋಗ್ತಿ?"

ಅವಳ ಸ್ವರದಲ್ಲಿ ತಪ್ಪು ಒಪ್ಪಿಕೊಳ್ಳುವ ಅಳುಕು ಇರಲಿಲ್ಲ. ಕಷ್ಟದ ದಿನಗಳಲ್ಲಿ ಹೇಗೆ ಸಂಸಾರ ತೂಗಿಸಿದೆ ಎಂದು ಹೇಳುವ ಹೆಂಗಸಿನ ಸ್ವರ ಅದು. ಚಿಕ್ಕಮ್ಮನ ಮೇಲೆ ಇಷ್ಟು ವರ್ಷ ಇಟ್ಟುಕೊಂಡ ಸಿಟ್ಟು ಎಲ್ಲಿ ಹೋಗಬೇಕೆಂದು ತಿಳಿಯದೆ ನನ್ನೊಳಗೇ ನಿಂತಿತು. ಅಂಗಳದಲ್ಲಿ ಬಿಸಿಲು ಇಳಿಯುತ್ತಿತ್ತು. ಹಗ್ಗದ ಮೇಲಿನ ಬಟ್ಟೆಗಳು ಒಣಗಿದ್ದವು.

"ಬಟ್ಟೆ ತೆಗಿ ಮಗಾ, ಮಂಜು ಬೀಳ್ತದೆ," ಎಂದಳು ಅಮ್ಮ.

ಹುಟ್ಟಿದಂದಿನಿಂದ ಅಮ್ಮ ಹೇಳಿದ ಒಂದು ಕೆಲಸವನ್ನೂ ನಾನು ಇಲ್ಲವೆಂದವಳಲ್ಲ. ಅವಳು ಇನ್ನೊಮ್ಮೆ ಹೇಳಿದಳು. ನಾನು ಏಳಲಿಲ್ಲ.